ಬೆಳಗಿನ ಕಟಕಟ ಸದ್ದು ಮತ್ತು ಎಣ್ಣೆ ಸೋಸುವ ಡಬ್ಬಿ



ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆ ಭರಣಿ, ಕೃತ್ತಿಕೆ ಮಳೆ ಬಿದ್ದರೆ ಹೊಗೆಸೊಪ್ಪಿನ ಹೊಲ ಹದ ಮಾಡುವ ಅವಸರ. ಕೃಷ್ಣರಾಜನಗರದ ಕಡೆ ನಾಲೆಗೆ ನೀರು ಬಿಟ್ಟರೆ ಗದ್ದೆಯ ಕೆಸರು ಉಳುಮೆಯ ಅವಸರ. ಈಗ ಈ ಕೆಲಸದ ಬಹುಪಾಲು ಟ್ರ್ಯಾಕ್ಟರಿನ ಮೇಲೆ ಬಿದ್ದಿದೆ. ಎತ್ತಾದರೆ ಮೈ ಬಿಸಿಯಾದಾಗ, ಮೇವು ಬಿಟ್ಟಾಗ ನಮಗೆ ತಿಳಿಯುತ್ತದೆ. ಯಂತ್ರಕ್ಕೆ ಬಾಯಿಲ್ಲ, ಅದು ಸದ್ದಿನಿಂದಲೇ ತನ್ನ ನೋವು ಹೇಳಿಕೊಳ್ಳಬೇಕು.

ಅಂಥ ಒಂದು ಸದ್ದಿನ ವಿಚಾರವನ್ನು ಇಂದು ನೋಡೋಣ. ರಾತ್ರಿಯೆಲ್ಲ ನಿಂತಿದ್ದ ಟ್ರ್ಯಾಕ್ಟರನ್ನು ಬೆಳಿಗ್ಗೆ ಶುರು ಮಾಡಿದೊಡನೆ ಎರಡು ಮೂರು ಸೆಕೆಂಡು 'ಕಟಕಟ' ಎಂದು ಒಣ ಸದ್ದು ಬರುತ್ತದೆ; ಆಮೇಲೆ ತಾನಾಗಿಯೇ ನಿಲ್ಲುತ್ತದೆ. "ಅಯ್ಯೋ, ನಿಂತುಹೋಯ್ತಲ್ಲ, ಅದೇನ್ ಮಹಾ ಬಿಡಿ" ಅಂತ ನಾವು ಸುಮ್ಮನಾಗುತ್ತೇವೆ. ಆದರೆ ಆ ಎರಡು ಮೂರು ಸೆಕೆಂಡಿನಲ್ಲಿ ಇಂಜಿನಿನೊಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿರಬಹುದು. ದಿನಕ್ಕೊಂದು ಸಲವಾದರೂ ವರ್ಷಕ್ಕೆ ನೂರಾರು ಸಲವಾಯಿತು. ಹೀಗೆ ಸವೆದ ಬೇರಿಂಗು ಒಂದು ದಿನ ಕೈಕೊಡುತ್ತದೆ. ಅದು ಕೈಕೊಡುವುದು ಬಿಡುವಿನ ದಿನದಲ್ಲಲ್ಲ. ಹೊಲ ಹದವಾಗಿ, ಸಸಿ ಮಡಿಯಲ್ಲಿ ಬಲಿತು, ಸಾಲದ ಕಂತು ತಲೆಯ ಮೇಲೆ ನಿಂತಿರುವಾಗ.

ಈ ಸದ್ದು ಏಕೆ ಬರುತ್ತದೆ? ಇಂಜಿನಿನ ಕೀಲೆಣ್ಣೆ ತಳದ ತೊಟ್ಟಿಯಲ್ಲಿರುತ್ತದೆ. ಇಂಜಿನು ತಿರುಗಿದಾಗ ಒಂದು ಚಿಕ್ಕ ಪಂಪು ಆ ಎಣ್ಣೆಯನ್ನು ಎಳೆದು, ಸೋಸುವ ಡಬ್ಬಿಯ ಮೂಲಕ ಹಾಯಿಸಿ, ಸಣ್ಣ ಕಾಲುವೆಗಳಲ್ಲಿ ಬೇರಿಂಗುಗಳಿಗೂ ಮೇಲಿನ ವಾಲ್ವುಗಳ ಕಡೆಗೂ ಕಳಿಸುತ್ತದೆ. ಈ ಡಬ್ಬಿಗೇ ನಾವು ಆಯಿಲ್ ಫಿಲ್ಟರ್ ಅನ್ನುವುದು. ಮೋಟಾರು ಬಂಡಿಗೆ ಇಂಥ ಫಿಲ್ಟರನ್ನು ಅಮೆರಿಕದಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಜ್ ಎಂಬವರು ರೂಪಿಸಿದ್ದು 1923ರ ಸುಮಾರಿಗೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಎಪ್ಪತ್ತು ಭಾಗ. ಬೇರಿಂಗಿನಲ್ಲಿ ಲೋಹಗಳನ್ನು ಬೇರೆಯಾಗಿಡುವ ಎಣ್ಣೆಯ ಪೊರೆ ಅದಕ್ಕಿಂತಲೂ ಎಷ್ಟೋ ತೆಳುವು. ಅಷ್ಟು ತೆಳುವಾದ ಪೊರೆಯಲ್ಲಿ ಒಂದು ಮರಳಿನ ಕಣ ಸಿಕ್ಕಿದರೆ ಬೇರಿಂಗಿನ ಮೇಲೆ ಗೀರು ಬಿತ್ತು ಎಂದೇ ತಿಳಿಯಿರಿ. ಹುಣಸೂರು ಕಡೆಯ ಕೆಂಪು ಮರಳು ಮಣ್ಣಿನ ಧೂಳಿನಲ್ಲಿ ದುಡಿಯುವ ಯಂತ್ರಕ್ಕೆ ಈ ಡಬ್ಬಿ ಎಷ್ಟು ಮುಖ್ಯವೆಂದು ಬೇರೆ ಹೇಳಬೇಕಾಗಿಲ್ಲ.

ಇಂಜಿನು ನಿಲ್ಲಿಸಿದ ಮೇಲೆ ಮೇಲಿನ ಎಣ್ಣೆ ಮೆಲ್ಲಮೆಲ್ಲನೆ ಕೆಳಗಿಳಿಯುತ್ತದೆ. ಡಬ್ಬಿಯೂ ಖಾಲಿಯಾದರೆ, ಬೆಳಿಗ್ಗೆ ಪಂಪು ಮೊದಲು ಡಬ್ಬಿಯನ್ನು ತುಂಬಿಸಬೇಕು, ಅದು ತುಂಬಿದ ಮೇಲೆ ಕಾಲುವೆ, ಕಾಲುವೆಯ ಮೇಲೆ ಬೇರಿಂಗು. ಅಷ್ಟರವರೆಗೆ ಒಣ ಓಟ.

ನಿಮ್ಮ ಬಾವಿಯ ಪಂಪುಸೆಟ್ಟನ್ನು ನೆನೆಯಿರಿ. ಪೈಪಿನ ತುದಿಯಲ್ಲಿ ಫುಟ್ ವಾಲ್ವ್ ಇರುತ್ತದೆ. ಅದು ಗಟ್ಟಿಯಾಗಿದ್ದರೆ ಪೈಪಿನಲ್ಲಿ ನೀರು ನಿಂತಿರುತ್ತದೆ; ಗುಂಡಿ ಒತ್ತಿದೊಡನೆ ನೀರು ಬರುತ್ತದೆ. ಫುಟ್ ವಾಲ್ವ್ ಸೋರಿದರೆ ದಿನ ಬೆಳಗಾದರೆ ಬಿಂದಿಗೆಯಲ್ಲಿ ನೀರು ಹೊಯ್ಯಬೇಕು. ಎಣ್ಣೆ ಡಬ್ಬಿಯೊಳಗೂ ಇದೇ ಕೆಲಸಕ್ಕೆ ಒಂದು ರಬ್ಬರಿನ ಎಲೆ ಇದೆ. ಎಣ್ಣೆ ಒಳಗೆ ಬರುವಾಗ ಅದು ತೆರೆದುಕೊಳ್ಳುತ್ತದೆ. ಇಂಜಿನು ನಿಂತಾಗ ಮುಚ್ಚಿಕೊಂಡು ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುತ್ತದೆ. ಇದನ್ನು ಹಿಮ್ಮರಳು ತಡೆಯುವ ವಾಲ್ವ್ ಅನ್ನೋಣ. ಫುಟ್ ವಾಲ್ವ್ ಸೋರಿದರೆ ನಿಮಗೆ ಆಗುವುದು ಬರೀ ತೊಂದರೆ. ಈ ವಾಲ್ವ್ ಸೋರಿದರೆ ಇಂಜಿನಿಗೆ ಆಗುವುದು ಸವಕಳಿ.

ಆದರೆ ಸದ್ದು ಬಂದೊಡನೆ ಫಿಲ್ಟರಿನ ಮೇಲೆ ತಪ್ಪು ಹೊರಿಸಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಗಬಾರದು. ಧನುರ್ಮಾಸದ ಚಳಿಯಲ್ಲಿ ಡೀಸೆಲ್ ಇಂಜಿನು ಸ್ವಲ್ಪ ಕುಟ್ಟುವುದು ಸಹಜ. ಆ ಸದ್ದು ಇಂಜಿನು ಬಿಸಿಯಾದಂತೆ ಒಂದೆರಡು ನಿಮಿಷದಲ್ಲಿ ಕಡಿಮೆಯಾಗುತ್ತದೆ. ಎಣ್ಣೆ ತಡವಾಗುವ ಸದ್ದು ಹಾಗಲ್ಲ. ಎಣ್ಣೆ ಒತ್ತಡದ ಮುಳ್ಳು ಏರಿದ ಕೂಡಲೇ, ಇಲ್ಲವೇ ಕೆಂಪು ದೀಪ ಆರಿದ ಕೂಡಲೇ ಅದು ನಿಲ್ಲುತ್ತದೆ. ಬಿಸಿಯಾದ ಮೇಲೂ ಸದ್ದು ನಿಲ್ಲದಿದ್ದರೆ ಕಾರಣ ಬೇರೆ ಇದೆ: ಎಣ್ಣೆ ಮಟ್ಟ ಇಳಿದಿರಬಹುದು, ಟ್ಯಾಪೆಟ್ ಸಡಿಲವಾಗಿರಬಹುದು, ಬೇರಿಂಗು ಆಗಲೇ ಸವೆದಿರಬಹುದು. ಸವೆದ ಬೇರಿಂಗನ್ನು ಯಾವ ಹೊಸ ಫಿಲ್ಟರೂ ತುಂಬಿಕೊಡಲಾರದು. ಕೆಂಪು ದೀಪ ಹತ್ತು ಸೆಕೆಂಡಾದರೂ ಆರಲಿಲ್ಲವೆಂದರೆ ಕೂಡಲೇ ಇಂಜಿನು ನಿಲ್ಲಿಸಿ, ಮೆಕ್ಯಾನಿಕ್ಕನ್ನು ಕರೆಯಿರಿ.

ವಾಲ್ವ್ ಸೋರುತ್ತಿದೆಯೇ ಎಂದು ನೀವೇ ನೋಡಬಹುದು. ಮೊದಲು ನಿಮ್ಮ ಟ್ರ್ಯಾಕ್ಟರಿನಲ್ಲಿ ಡಬ್ಬಿ ಹೇಗೆ ಕೂತಿದೆ ಎಂದು ಗಮನಿಸಿ. ಬಾಯಿ ಮೇಲಾಗಿ, ತಂಬಿಗೆಯಂತೆ ತೂಗಿದ್ದರೆ ಎಣ್ಣೆ ಅದರಲ್ಲೇ ನಿಲ್ಲುತ್ತದೆ. ಅಲ್ಲಿ ವಾಲ್ವಿನ ಮೇಲೆ ಭಾರ ಕಡಿಮೆ. ಅಡ್ಡವಾಗಿ ಇಲ್ಲವೇ ಬಾಯಿ ಕೆಳಗಾಗಿ ಕೂತಿದ್ದರೆ ಎಲ್ಲವೂ ಆ ರಬ್ಬರ್ ಎಲೆಯ ಮೇಲೆಯೇ ನಿಂತಿದೆ. ಅಂಥ ಟ್ರ್ಯಾಕ್ಟರಿನಲ್ಲಿ ಎಣ್ಣೆ ಬದಲಿಸುವ ಹಿಂದಿನ ಸಂಜೆ, ಇಂಜಿನು ಬೆಚ್ಚಗಿರುವಾಗ, ಕೈ ಸುಟ್ಟುಕೊಳ್ಳದಂತೆ ಹಳೆಯ ಎಣ್ಣೆ ಇಳಿಸಿ, ತಳದ ಬೋಲ್ಟನ್ನು ಮತ್ತೆ ಬಿಗಿ ಮಾಡಿ. ಕೀಯನ್ನು ತೆಗೆದು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಯಾರೂ ತಿಳಿಯದೆ ಶುರು ಮಾಡಬಾರದು. ಬೆಳಿಗ್ಗೆ ಪಾತ್ರೆ ಹಿಡಿದು ಡಬ್ಬಿ ಬಿಚ್ಚಿ. ತುಂಬ ಎಣ್ಣೆ ಸುರಿದರೆ ವಾಲ್ವ್ ತನ್ನ ಕೆಲಸ ಮಾಡಿದೆ. ಡಬ್ಬಿ ಬರಿದಾಗಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಇನ್ನು ಅಂಗಡಿಗೆ ಹೋಗೋಣ. ಮೊದಲನೆಯ ಮಾತು: ಮರೆ ಹಿಡಿದ ಮಾತ್ರಕ್ಕೆ ಫಿಲ್ಟರ್ ಸರಿಹೋಯಿತೆಂದು ತಿಳಿಯಬೇಡಿ. ಎರಡು ಡಬ್ಬಿಗಳ ಮರೆ ಒಂದೇ ಇದ್ದರೂ ಒಳಗಿನ ವಾಲ್ವುಗಳು ಬೇರೆ ಇರಬಹುದು. ಟ್ರ್ಯಾಕ್ಟರಿನ ಕೈಪಿಡಿಯಲ್ಲಿರುವ ಫಿಲ್ಟರ್ ನಂಬರನ್ನು ಬರೆದುಕೊಂಡು ಹೋಗಿ. ಅಂಗಡಿಯವರಿಗೆ ಟ್ರ್ಯಾಕ್ಟರಿನ ಮಾದರಿಯನ್ನೂ ಹೇಳಿ.

ಎರಡನೆಯದು: ಡಬ್ಬಿಯ ಬಾಯಿ ನೋಡಿ. ನಡುವೆ ಮರೆಯಿರುವ ದೊಡ್ಡ ತೂತು, ಅದು ಸೋಸಿದ ಎಣ್ಣೆ ಹೊರಡುವ ದಾರಿ. ಸುತ್ತಲಿನ ಚಿಕ್ಕ ತೂತುಗಳು ಎಣ್ಣೆ ಒಳಬರುವ ದಾರಿ. ಆ ಚಿಕ್ಕ ತೂತುಗಳ ಹಿಂದೆ ರಬ್ಬರ್ ಎಲೆ ಕಾಣಬೇಕು. ಶುಚಿಯಾದ ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ಅದು ಬಾಗಿ, ಮತ್ತೆ ತನ್ನ ಜಾಗಕ್ಕೆ ಬರಬೇಕು. ಸಾಮಾನ್ಯವಾಗಿ ಈ ಎಲೆಯನ್ನು ನೈಟ್ರೈಲ್ ರಬ್ಬರಿನಿಂದ ಮಾಡುತ್ತಾರೆ. ಬಹುಕಾಲ ಬಿಸಿಯಲ್ಲಿದ್ದರೆ ಅದು ಗಡುಸಾಗಿ ಸೋರತೊಡಗುತ್ತದೆ. ಸಿಲಿಕೋನ್ ಎಲೆ ಬಿಸಿಯಲ್ಲೂ ಚಳಿಯಲ್ಲೂ ಮೆತ್ತಗಿರುತ್ತದೆ; ಬೆಲೆ ತುಸು ಹೆಚ್ಚು. ಅಡ್ಡ ಕೂರುವ ಡಬ್ಬಿಗೆ ನಿಮ್ಮ ನಂಬರಿನಲ್ಲೇ ಸಿಲಿಕೋನ್ ವಾಲ್ವಿನದು ಸಿಕ್ಕಿದರೆ ಆ ಹೆಚ್ಚಿನ ಹಣ ದಂಡವಲ್ಲ. ಆದರೆ ಬಣ್ಣ ನೋಡಿ ಮೋಸಹೋಗಬೇಡಿ. ಕಿತ್ತಳೆ ಬಣ್ಣದ್ದೆಲ್ಲ ಸಿಲಿಕೋನ್ ಅಲ್ಲ.

ಮೂರನೆಯದು: ಡಬ್ಬಿಯಲ್ಲೋ, ಅದು ಕೂರುವ ತಲೆಯಲ್ಲೋ ಇನ್ನೊಂದು ವಾಲ್ವ್ ಇರುತ್ತದೆ, ಬೈಪಾಸ್ ಎಂದು ಅದರ ಹೆಸರು. ಸೋಸುವ ಕಾಗದ ಕಟ್ಟಿಕೊಂಡರೆ, ಇಲ್ಲವೇ ಚಳಿಗೆ ಎಣ್ಣೆ ಗಟ್ಟಿಯಾದರೆ, ಇದು ತೆರೆದು ಸೋಸದ ಎಣ್ಣೆಯನ್ನೇ ಬಿಡುತ್ತದೆ. ಒಣಗುವುದಕ್ಕಿಂತ ಕೊಳೆ ಎಣ್ಣೆಯೇ ಮೇಲು ಎಂಬ ಲೆಕ್ಕ. ಇದು ತೆರೆಯುವ ಒತ್ತಡ ಒಂದೊಂದು ಇಂಜಿನಿಗೆ ಒಂದೊಂದು. ಬೇರೆ ಇಂಜಿನಿನ ಫಿಲ್ಟರ್ ಹಾಕಬಾರದೆನ್ನುವುದು ಇದಕ್ಕೇ.

ನಾಲ್ಕನೆಯದು: ನಕಲಿ ಮಾಲು. ಹೊರಗಿನ ಬಣ್ಣ, ಹೆಸರು ಎಲ್ಲ ಅಸಲಿನಂತೆಯೇ ಇದ್ದು ಒಳಗೆ ಕಾಗದ ಕಡಿಮೆ, ವಾಲ್ವ್ ಹಗುರ. ತೀರಾ ಅಗ್ಗಕ್ಕೆ ಕೊಡುತ್ತೇನೆಂದರೆ ಅನುಮಾನಪಡಿ. ಗೊತ್ತಿರುವ ಅಂಗಡಿಯಲ್ಲಿ ಕೊಂಡು ರಸೀದಿ ಕೇಳಿ ಪಡೆಯಿರಿ.

ಕೆಲವು ಹಳೆಯ ಟ್ರ್ಯಾಕ್ಟರುಗಳಲ್ಲಿ ಡಬ್ಬಿಯನ್ನೇ ಬಿಸಾಡುವ ಪದ್ಧತಿ ಇಲ್ಲ. ಕಬ್ಬಿಣದ ಬಟ್ಟಲಿನೊಳಗೆ ಕಾಗದದ ಎಲಿಮೆಂಟ್ ಮಾತ್ರ ಬದಲಾಗುತ್ತದೆ. ಅಲ್ಲಿ ವಾಲ್ವ್ ಇರುವುದು ಸಾಮಾನ್ಯವಾಗಿ ಎಲಿಮೆಂಟಿನಲ್ಲಲ್ಲ, ತಲೆಯ ಭಾಗದಲ್ಲಿ. ಎಷ್ಟು ಬೆಲೆಯ ಎಲಿಮೆಂಟ್ ತಂದರೂ ಸದ್ದು ಹೋಗದಿದ್ದರೆ ತಲೆಯನ್ನು ಬಿಚ್ಚಿಸಿ, ಸ್ಪ್ರಿಂಗು, ರಬ್ಬರ್ ಉಂಗುರಗಳನ್ನು ಪರೀಕ್ಷೆ ಮಾಡಿಸಿ. ಕೆಲವು ಚಿಕ್ಕ ಇಂಜಿನುಗಳಲ್ಲಂತೂ ಬರೀ ಜಾಲರಿ ಇರುತ್ತದೆ. ಅಲ್ಲಿ ಜಾಲರಿ ತೊಳೆಯುವುದು, ಎಣ್ಣೆಯನ್ನು ಹೇಳಿದ ಕಾಲಕ್ಕೆ ತಪ್ಪದೆ ಬದಲಿಸುವುದು, ಇವೆರಡೇ ರಕ್ಷೆ.

ಕೂರಿಸುವಾಗ ಹಳೆಯ ರಬ್ಬರ್ ಉಂಗುರ ಇಂಜಿನಿಗೇ ಅಂಟಿಕೊಂಡಿಲ್ಲವಷ್ಟೆ ಎಂದು ನೋಡಿ. ಎರಡು ಉಂಗುರ ಒಟ್ಟಿಗೆ ಕೂತರೆ ಎಣ್ಣೆಯೆಲ್ಲ ಹೊರಗೆ ಚಿಮ್ಮುತ್ತದೆ. ಹೊಸ ಉಂಗುರಕ್ಕೆ ಬೆರಳಿನಿಂದ ಎಣ್ಣೆ ಸವರಿ. ಉಂಗುರ ತಾಗಿದ ಮೇಲೆ ಡಬ್ಬಿಯ ಮೇಲೆ ಬರೆದಿರುವಷ್ಟು, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಕೈಯಲ್ಲೇ ತಿರುಗಿಸಿ. ಪಾನಾ ಹಾಕಿ ಹಿಂಡಬೇಡಿ. ಬಾಯಿ ಮೇಲಾಗಿ ಕೂರುವ ಡಬ್ಬಿಗೆ, ಕೈಪಿಡಿ ಒಪ್ಪಿದರೆ, ಸುತ್ತಲಿನ ಚಿಕ್ಕ ತೂತುಗಳ ಮೂಲಕ ಶುದ್ಧ ಎಣ್ಣೆ ತುಂಬಿ. ನಡುವಿನ ತೂತಿಗೆ ಬೇಡ. ಎಣ್ಣೆಯೂ ಕೈಪಿಡಿಯ ಗ್ರೇಡಿನದೇ ಇರಲಿ. 15 ಡಬ್ಲ್ಯೂ 40 ಎಂಬಲ್ಲಿ 15 ಎಂಬುದು ಚಳಿಯಲ್ಲಿನ ಹರಿವನ್ನು ತಿಳಿಸುತ್ತದೆ; ಈ ಅಂಕೆ ಚಿಕ್ಕದಾದಷ್ಟೂ ತಣ್ಣಗಿದ್ದಾಗ ಎಣ್ಣೆ ಬೇಗ ಹರಿಯುತ್ತದೆ. ಎಣ್ಣೆ, ಫಿಲ್ಟರ್ ಎರಡನ್ನೂ ಜೊತೆಗೇ ಬದಲಿಸಿ. ಅನೇಕ ಟ್ರ್ಯಾಕ್ಟರುಗಳಿಗೆ 250 ಗಂಟೆಯ ದುಡಿಮೆಗೊಮ್ಮೆ ಎಂದು ಹೇಳಿದೆ. ನಿಮ್ಮದಕ್ಕೆ ಎಷ್ಟೆಂದು ಕೈಪಿಡಿ ನೋಡಿ. ಇಳಿಸಿದ ಎಣ್ಣೆಯನ್ನು ನಾಲೆಗೋ ಹೊಲಕ್ಕೋ ಸುರಿಯಬೇಡಿ. ಡಬ್ಬದಲ್ಲಿ ತುಂಬಿ, ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡಿ.

ಕೊನೆಯದಾಗಿ ಚಾಲಕನ ಕೈಗೆ ಒಂದು ಮಾತು. ಬೆಳಿಗ್ಗೆ ಶುರು ಮಾಡಿದೊಡನೆ ರೇಸು ಕೊಡಬೇಡಿ; ಅರ್ಧ ನಿಮಿಷವಾದರೂ ಮೆಲ್ಲನೆ ಓಡಲಿ. ಟರ್ಬೊ ಇರುವ ಇಂಜಿನಾದರೆ ನಿಲ್ಲಿಸುವ ಮುಂಚೆಯೂ ಒಂದೆರಡು ನಿಮಿಷ ಹಾಗೇ ಓಡಿಸಿ. ಬಹಳ ದಿನ ಕೊಟ್ಟಿಗೆಯಲ್ಲಿ ನಿಂತಿದ್ದ ಟ್ರ್ಯಾಕ್ಟರಿಗೆ ಎಳೆಯುವ ಸ್ಟಾಪರ್ ಇದ್ದರೆ, ಗೇರು ನ್ಯೂಟ್ರಲ್ ಮಾಡಿ, ಸ್ಟಾಪರ್ ಎಳೆದು ಹಿಡಿದು, ಸ್ಟಾರ್ಟರನ್ನು ಏಳೆಂಟು ಸೆಕೆಂಡು ಮಾತ್ರ ತಿರುಗಿಸಿ. ಇಂಜಿನು ಹತ್ತಿಕೊಳ್ಳದೆಯೇ ಎಣ್ಣೆ ಮೇಲೇರುತ್ತದೆ. ಆಮೇಲೆ ಸ್ಟಾಪರ್ ಬಿಟ್ಟು ಶುರು ಮಾಡಿ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಈ ಡಬ್ಬಿಯ ಬೆಲೆ ಇಂಜಿನು ಬಿಚ್ಚಿಸುವ ಖರ್ಚಿನ ಮುಂದೆ ಏನೂ ಅಲ್ಲ. ನಾಳೆ ಬೆಳಿಗ್ಗೆ ಕೀ ತಿರುಗಿಸುವಾಗ ಒಂದು ಕಿವಿ ಇಂಜಿನಿನ ಕಡೆ, ಒಂದು ಕಣ್ಣು ಎಣ್ಣೆ ದೀಪದ ಕಡೆ ಇರಲಿ. ಮಳೆ ಬರುವ ಮುಂಚೆ ಈ ಕೆಲಸ ಮುಗಿಸಿಕೊಳ್ಳಿ.