ಈ ಹುಡುಗನಿಗೆ ಲ್ಯಾಬ್ ಆಗಿಬರಲ್ಲ

ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬ್ ನೆನಪಿದೆಯಲ್ಲ? ನೀರಿನ ಗಡಸುತನ ಅಳೆಯೋ ಟೈಟ್ರೇಷನ್. ಕೆಂಪು ಬಣ್ಣ ನೀಲಿಗೆ ತಿರುಗೋ ಆ ಒಂದು ಹನಿಗಾಗಿ ಕಾದು, ಮಾತಾಡ್ತಾ ಎಂಡ್ ಪಾಯಿಂಟ್ ದಾಟಿಸಿ, ಕೊನೆಗೆ ಪಕ್ಕದ ಟೇಬಲ್ ರೀಡಿಂಗ್ ನೋಡಿಕೊಂಡು ರೆಕಾರ್ಡ್ ಬರೆದವರು ನಾವು. ವೈವಾದಲ್ಲಿ ಬೈಸಿಕೊಂಡು ಹೊರಗೆ ಬಂದು, ರಿಸರ್ಚ್ ಗಿಸರ್ಚ್ ಎಲ್ಲ ನಮ್ಮಂಥವರಿಗಲ್ಲ ಅಂತ ಕ್ಯಾಂಟೀನಿನಲ್ಲಿ ತೀರ್ಮಾನ ಮಾಡಿದವರೂ ನಾವೇ.

ವಿಲಿಯಂ ಕೇಲಿನ್ ಅನ್ನುವವರ ವಿಷಯದಲ್ಲಿ ಈ ತೀರ್ಮಾನವನ್ನು ಅವರ ಪ್ರೊಫೆಸರೇ ಬರೆದುಕೊಟ್ಟಿದ್ದರು. ಕೇಲಿನ್ ಹುಟ್ಟಿದ್ದು 1957ರಲ್ಲಿ, ನ್ಯೂಯಾರ್ಕಿನಲ್ಲಿ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಗಣಿತ, ರಸಾಯನಶಾಸ್ತ್ರ ಓದ್ತಾ ಒಂದು ಲ್ಯಾಬಿನಲ್ಲಿ ಕೆಲಸ ಮಾಡಿದರು. ಪ್ರಯೋಗ ಕೈಹಿಡಿಯಲಿಲ್ಲ. ಹುಡುಗ ಬುದ್ಧಿವಂತನೇ, ಆದ್ರೆ ಇವನ ಭವಿಷ್ಯ ಇರೋದು ಲ್ಯಾಬಿನ ಹೊರಗೆ ಅನ್ನುವ ಅರ್ಥದ ಷರಾ ಬಿತ್ತು. ಇದನ್ನು ಕೇಲಿನ್ ಅವರೇ ನಗ್ತಾ ಹೇಳಿಕೊಂಡಿದ್ದಾರೆ. ಆಗ ಅವರಿಗೂ ಅದು ಸರಿ ಅನ್ನಿಸಿತ್ತು. ಮೆಡಿಕಲ್ ಮುಗಿಸಿ ರೋಗಿಗಳನ್ನು ನೋಡುವ ಡಾಕ್ಟರ್ ಆಗೋದೇ ಅವರ ಲೆಕ್ಕಾಚಾರ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ತರಬೇತಿ ಪಡೆದು, ಕ್ಯಾನ್ಸರ್ ವಿಭಾಗದ ಹೆಚ್ಚಿನ ತರಬೇತಿಗೆ ಬೋಸ್ಟನ್ನಿನ ಡಾನಾ-ಫಾರ್ಬರ್ ಸಂಸ್ಥೆಗೆ ಬಂದರು.

ಅಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಅವರ ಲ್ಯಾಬ್ ಸೇರಿದ ಮೇಲೆ ಕಥೆ ತಿರುಗಿತು. ರೆಟಿನೋಬ್ಲಾಸ್ಟೋಮಾ ಅಂತ ಪುಟ್ಟ ಮಕ್ಕಳ ಕಣ್ಣಿಗೆ ಬರುವ ಅಪರೂಪದ ಕ್ಯಾನ್ಸರ್ ಇದೆ. ಆ ಕಾಯಿಲೆಯಲ್ಲಿ ಕೆಟ್ಟುಹೋಗುವ ಪ್ರೋಟೀನ್ ಮೇಲೆ ಅಲ್ಲಿ ಕೆಲಸ ನಡೀತಿತ್ತು. ಅಪರೂಪದ ಕಾಯಿಲೆಯಲ್ಲಿ ಸಿಕ್ಕ ಜೀನ್, ಸಾಮಾನ್ಯ ಕ್ಯಾನ್ಸರ್‌ಗಳಲ್ಲೂ ಕೈಯಾಡಿಸಿರುತ್ತೆ ಅನ್ನೋದನ್ನು ಕೇಲಿನ್ ಅಲ್ಲಿ ಕಣ್ಣಾರೆ ಕಂಡರು. 1990ರ ದಶಕದ ಆರಂಭದಲ್ಲಿ ಸ್ವಂತ ಲ್ಯಾಬ್ ಶುರುಮಾಡಿದಾಗ ಅವರು ಹುಡುಕಿದ್ದೂ ಅಂಥದ್ದೇ ಇನ್ನೊಂದು ಅಪರೂಪದ ಕಾಯಿಲೆಯನ್ನು. ಅದು ಸಿಕ್ಕಿತು. ವಾನ್ ಹಿಪ್ಪೆಲ್-ಲಿಂಡಾವ್, ಚಿಕ್ಕದಾಗಿ ವಿಎಚ್‌ಎಲ್.

ಇದು ವಂಶಪಾರಂಪರ್ಯವಾಗಿ ಬರುವ ಕಾಯಿಲೆ. ಸುಮಾರು 36,000 ಜನರಲ್ಲಿ ಒಬ್ಬರಿಗೆ ಇರುತ್ತೆ. ಇದ್ದವರ ಬದುಕು ಮಾತ್ರ ಬಹಳ ಕಷ್ಟ. ಕಣ್ಣಿನ ರೆಟಿನಾ, ಮೆದುಳು, ಬೆನ್ನುಹುರಿ, ಅಡ್ರಿನಲ್ ಗ್ರಂಥಿ, ಮೂತ್ರಪಿಂಡ, ಹೀಗೆ ಒಂದಾದ ಮೇಲೊಂದು ಕಡೆ ಗೆಡ್ಡೆಗಳು ಏಳ್ತಾ ಹೋಗುತ್ತವೆ. ಒಂದನ್ನು ಕತ್ತರಿಸಿ ತೆಗೆದು ಹೊಲಿಗೆ ಮಾಯುವಷ್ಟರಲ್ಲಿ ಇನ್ನೊಂದು. ಅಪ್ಪನಿಗೆ ಆದ ಆಪರೇಷನ್ನುಗಳನ್ನು ನೋಡಿಕೊಂಡೇ ಬೆಳೆದ ಮಗನಿಗೆ ಮುಂದೆ ತನಗೂ ಅದೇ ಅಂತ ಗೊತ್ತಾಗುವ ಕಾಯಿಲೆ ಇದು. ಇಂಥ ಕುಟುಂಬಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಮಾರ್ಸ್ಟನ್ ಲೈನ್‌ಹ್ಯಾನ್ ಎಂಬ ಸರ್ಜನ್ ಮತ್ತವರ ಸಂಗಡಿಗರು 1993ರಲ್ಲಿ ಕೆಟ್ಟಿರುವ ಜೀನ್ ಯಾವುದು ಅಂತ ಪತ್ತೆ ಮಾಡಿದರು. ಕಾಯಿಲೆಯ ಹೆಸರನ್ನೇ ಜೀನಿಗೂ ಇಟ್ಟರು. ಆಮೇಲೆ ತಿಳಿದ ಸಂಗತಿ ಇನ್ನೂ ದೊಡ್ಡದು. ಯಾವ ವಂಶದ ನಂಟೂ ಇಲ್ಲದೆ ಬರುವ ಮಾಮೂಲಿ ಕಿಡ್ನಿ ಕ್ಯಾನ್ಸರ್ ಇದೆಯಲ್ಲ, ಅದರ ಅತಿ ಸಾಮಾನ್ಯ ಬಗೆಯಲ್ಲೂ ಬಹುಪಾಲು ಇದೇ ಜೀನ್ ಕೆಟ್ಟಿರುತ್ತೆ.

ಜೀನ್ ಸಿಕ್ಕಿತು ಸರಿ, ಅದರ ಕೆಲಸ ಏನು? ಇಲ್ಲಿ ಕೇಲಿನ್ ಅವರೊಳಗಿನ ಡಾಕ್ಟರ್ ಉಪಯೋಗಕ್ಕೆ ಬಂದ. ವಿಎಚ್‌ಎಲ್ ಗೆಡ್ಡೆಗಳಲ್ಲಿ ರಕ್ತನಾಳಗಳು ವಿಪರೀತ. ಜೊತೆಗೆ ಈ ರೋಗಿಗಳಲ್ಲಿ ಕೆಲವರಿಗೆ ಕೆಂಪು ರಕ್ತಕಣಗಳು ಬೇಕಾದ್ದಕ್ಕಿಂತ ಹೆಚ್ಚು. ಬೇರೆಬೇರೆಯಾಗಿ ನೋಡಿದರೆ ಎರಡು ವಿಚಿತ್ರ ಲಕ್ಷಣಗಳು, ಅಷ್ಟೇ. ಒಟ್ಟಿಗೆ ಇಟ್ಟು ಯೋಚಿಸಿ: ದೇಹ ಹೊಸ ರಕ್ತನಾಳವನ್ನೂ ಹೆಚ್ಚು ರಕ್ತಕಣವನ್ನೂ ಬೇಡೋದು ಯಾವಾಗ? ಆಮ್ಲಜನಕ ಸಾಲದಿದ್ದಾಗ! ಲೇಹ್‌ಗೆ ಹೋಗಿ ಕೆಲವು ವಾರ ಇದ್ದರೆ ನಮ್ಮ ಕಿಡ್ನಿಗಳು ಎರಿಥ್ರೊಪೊಯೆಟಿನ್ ಅನ್ನೋ ಹಾರ್ಮೋನ್ ಹೆಚ್ಚು ಸುರಿಸಿ ಕೆಂಪು ಕಣ ಏರಿಸುವುದು ಇದೇ ಕಾರಣಕ್ಕೆ. ಆದ್ರೆ ಈ ಗೆಡ್ಡೆಗಳಿಗೆ ಆಮ್ಲಜನಕದ ಕೊರತೆಯೇ ಇಲ್ಲ. ಇದ್ದರೂ ಇಲ್ಲ ಇಲ್ಲ ಅಂತ ಕೂಗ್ತಿವೆ. ಹಾಗಾದರೆ ಆಮ್ಲಜನಕ ಅಳೆಯುವ ವ್ಯವಸ್ಥೆಯೇ ಕೈಕೊಟ್ಟಿರಬೇಕು, ವಿಎಚ್‌ಎಲ್ ಆ ವ್ಯವಸ್ಥೆಯ ಭಾಗವಾಗಿರಬೇಕು ಅಂತ ಅವರು ಊಹಿಸಿದರು.

ನಮ್ಮ ಹಾಸ್ಟೆಲ್ ಓವರ್‌ಹೆಡ್ ಟ್ಯಾಂಕ್ ಇಟ್ಟುಕೊಂಡು ಇದನ್ನು ನೋಡೋಣ. ನೀರು ಇಳಿದರೆ ಫ್ಲೋಟ್ ಸ್ವಿಚ್ ಮೋಟರ್ ಆನ್ ಮಾಡುತ್ತೆ, ತುಂಬಿದರೆ ಆಫ್ ಮಾಡುತ್ತೆ. ಜೀವಕೋಶದಲ್ಲಿ ಮೋಟರ್ ಅಂದರೆ ಹಿಫ್ ಎಂಬ ಪ್ರೋಟೀನ್. ಇದನ್ನು 1990ರ ದಶಕದಲ್ಲಿ ಕಂಡುಹಿಡಿದು ಹೆಸರಿಟ್ಟವರು ಗ್ರೆಗ್ ಸೆಮೆಂಜಾ. ಹಿಫ್ ಓಡಿದರೆ ರಕ್ತನಾಳ ಬೆಳೆಸುವ ಜೀನ್, ಎರಿಥ್ರೊಪೊಯೆಟಿನ್ ಜೀನ್ ಎಲ್ಲ ಚಾಲೂ. ವಿಚಿತ್ರ ಅಂದರೆ, ಜೀವಕೋಶ ಹಿಫ್ ಅನ್ನು ಸದಾ ತಯಾರಿಸ್ತಾನೇ ಇರುತ್ತೆ, ಆಮ್ಲಜನಕ ಇದ್ದರೆ ನಿಮಿಷಗಳಲ್ಲೇ ಅದನ್ನು ಒಡೆದು ಹಾಕುತ್ತೆ. ಮಾಡು, ಮುರಿ, ಮಾಡು, ಮುರಿ. ನಮ್ಮ ಕಣ್ಣಿಗೆ ಇದು ದಂಡ ಖರ್ಚು. ಆದ್ರೆ ಆಮ್ಲಜನಕ ಕಮ್ಮಿಯಾದ ಕ್ಷಣ ಹೊಸದಾಗಿ ಏನೂ ಶುರುಮಾಡಬೇಕಿಲ್ಲ, ಮುರಿಯೋದು ನಿಲ್ಲಿಸಿದರೆ ಸಾಕು. ರೆಸ್ಪಾನ್ಸ್ ಟೈಮ್ ಅಂತ ಕಂಟ್ರೋಲ್ ಸಿಸ್ಟಮ್ಸ್ ಓದುವವರು ತಲೆ ಕೆಡಿಸಿಕೊಳ್ಳುತ್ತಾರಲ್ಲ, ಅದಕ್ಕೆ ಜೀವಕೋಶ ಕಂಡುಕೊಂಡಿರುವ ಉಪಾಯ ಇದು.

ಮುರಿಯೋ ಕೆಲಸಕ್ಕೆ ಹಿಫ್‌ಗೆ ಗುರುತು ಹಾಕುವುದೇ ವಿಎಚ್‌ಎಲ್. ಅದು ಕೆಟ್ಟರೆ ಫ್ಲೋಟ್ ತಳದಲ್ಲೇ ಸಿಕ್ಕಿಹಾಕಿಕೊಂಡ ಹಾಗೆ. ಟ್ಯಾಂಕ್ ತುಂಬಿ ಹರಿದರೂ ಮೋಟರ್ ನಿಲ್ಲಲ್ಲ.

ಇದೆಲ್ಲ ಒಂದೇ ದಿನ ಹೊಳೆದದ್ದಲ್ಲ. 1995ರಲ್ಲಿ ಕೇಲಿನ್ ಲ್ಯಾಬಿನವರು ಕಿಡ್ನಿ ಕ್ಯಾನ್ಸರ್ ಕೋಶಗಳಿಗೆ ಸರಿಯಾದ ವಿಎಚ್‌ಎಲ್ ಜೀನನ್ನು ವಾಪಸ್ ಸೇರಿಸಿ ನೋಡಿದರು. ಆ ಕೋಶಗಳು ಇಲಿಗಳಲ್ಲಿ ಗೆಡ್ಡೆ ಕಟ್ಟುವ ಶಕ್ತಿ ಕಳಕೊಂಡವು. ಮರುವರ್ಷ, ವಿಎಚ್‌ಎಲ್ ಇಲ್ಲದ ಕೋಶಗಳು ಆಮ್ಲಜನಕ ಇದ್ದರೂ ಇಲ್ಲದಂತೆ ವರ್ತಿಸುತ್ತವೆ ಅಂತ ತೋರಿಸಿದರು. 1999ರಲ್ಲಿ ಇಂಗ್ಲೆಂಡಿನ ಪೀಟರ್ ರಾಟ್‌ಕ್ಲಿಫ್ ಅವರ ತಂಡ ವಿಎಚ್‌ಎಲ್‌ಗೂ ಹಿಫ್‌ಗೂ ಇರುವ ನಂಟನ್ನು ಹಿಡಿಯಿತು. ಉಳಿದದ್ದು ಒಂದೇ ಪ್ರಶ್ನೆ: ಆಮ್ಲಜನಕ ಇದೆ ಅಂತ ವಿಎಚ್‌ಎಲ್‌ಗೆ ಹೇಳೋರು ಯಾರು? ಉತ್ತರವನ್ನು 2001ರಲ್ಲಿ ಕೇಲಿನ್ ಮತ್ತು ರಾಟ್‌ಕ್ಲಿಫ್ ತಂಡಗಳು ಬೇರೆಬೇರೆಯಾಗಿ, ಒಟ್ಟಿಗೇ ಪ್ರಕಟಿಸಿದವು. ಒಂದು ಕಿಣ್ವ ಆಮ್ಲಜನಕದ ಪರಮಾಣುವನ್ನೇ ತಗೊಂಡು ಹಿಫ್‌ನ ಒಂದು ಗೊತ್ತಾದ ಜಾಗದಲ್ಲಿ ಅಂಟಿಸುತ್ತೆ. ಅದು ಅಂಟಿದ್ದರೆ ಮಾತ್ರ ವಿಎಚ್‌ಎಲ್ ಹಿಫ್ ಅನ್ನು ಹಿಡಿಯುತ್ತೆ. ಅಂದರೆ ಇಲ್ಲಿ ಬೇರೆ ಮೀಟರ್ ಇಲ್ಲ. ಅಳೆಯಬೇಕಾದ ವಸ್ತುವೇ ಬಂದು ಸೀಲ್ ಒತ್ತಿ ಹೋಗುತ್ತೆ. ನಮಗಂತೂ ಇಡೀ ವಿಷಯದಲ್ಲಿ ಅತಿ ಚೆಂದ ಅನ್ನಿಸಿದ್ದು ಇದೇ. ಸೆಮೆಂಜಾ, ರಾಟ್‌ಕ್ಲಿಫ್, ಕೇಲಿನ್ ಮೂವರಿಗೂ 2019ರ ವೈದ್ಯಕೀಯ ನೊಬೆಲ್ ಬಂತು.

ಆದ್ರೆ ಆಸ್ಪತ್ರೆಯ ಬೆಡ್ ಮೇಲೆ ಮಲಗಿರುವವರಿಗೆ ನೊಬೆಲ್‌ನಿಂದ ಏನು? ದೇಹದ ಬೇರೆ ಕಡೆ ಹರಡಿದ ಕಿಡ್ನಿ ಕ್ಯಾನ್ಸರ್ ಮಾಮೂಲಿ ಕೀಮೋಥೆರಪಿಗೆ ಬಗ್ಗೋದೇ ಕಷ್ಟ. 2005ರ ಕೊನೆಯಲ್ಲಿ ಸೊರಾಫೆನಿಬ್, 2006ರ ಆರಂಭದಲ್ಲಿ ಸುನಿಟಿನಿಬ್ ಅಮೆರಿಕದಲ್ಲಿ ಮಂಜೂರಾದವು. ರಕ್ತನಾಳ ಬೆಳೆಸುವ ಸಂಕೇತವನ್ನು ಇವು ತಡೆಯುತ್ತವೆ. ಎಷ್ಟೋ ರೋಗಿಗಳಿಗೆ ಇವುಗಳಿಂದ ಸಮಯ ಸಿಕ್ಕಿತು, ನಿಜ. ಆದರೂ ಟ್ಯಾಂಕಿನ ಲೆಕ್ಕದಲ್ಲಿ ಇದು ಮೋಟರ್ ಓಡಲು ಬಿಟ್ಟು ಪೈಪಿಗೆ ಬಟ್ಟೆ ಸುತ್ತಿದ ಹಾಗೆ.

ಮೋಟರನ್ನೇ ನಿಲ್ಲಿಸಬೇಕಿತ್ತು. ಹಿಫ್‌ನಲ್ಲಿ ಒಂದಕ್ಕಿಂತ ಹೆಚ್ಚು ಬಗೆ ಇವೆ, ಅವುಗಳಲ್ಲಿ ಕಿಡ್ನಿ ಕ್ಯಾನ್ಸರನ್ನು ಓಡಿಸುವುದು ಹಿಫ್-2 ಅಂತ ಕೇಲಿನ್ ಲ್ಯಾಬ್ 2000ದ ದಶಕದ ಆರಂಭದಲ್ಲೇ ತೋರಿಸಿತ್ತು. ಅಡ್ಡಿ ಏನಂದರೆ, ಇಂಥ ಪ್ರೋಟೀನುಗಳಿಗೆ ಔಷಧಿ ಮಾಡಕ್ಕಾಗಲ್ಲ ಅಂತ ಆಗ ಬಹಳ ಜನ ನಂಬಿದ್ದರು. ಮಾತ್ರೆಯ ಅಣು ಹೋಗಿ ಕೂರೋಕೆ ಒಂದು ಗುಳಿ ಬೇಕಲ್ಲ, ಅದು ಇವುಗಳಲ್ಲಿ ಇರಲ್ಲ ಅಂತ. ಟೆಕ್ಸಾಸಿನ ಡಾಲಸ್‌ನಲ್ಲಿ ರಿಚರ್ಡ್ ಬ್ರೂಯಿಕ್, ಕೆವಿನ್ ಗಾರ್ಡ್ನರ್ ಎಂಬಿಬ್ಬರು ಹಿಫ್-2ರ ರಚನೆ ನೋಡ್ತಾ ಹೋದಾಗ ಒಳಗೆ ಪೊಳ್ಳು ಜಾಗ ಕಾಣಿಸಿತು. ಎರಕ ಹೊಯ್ದ ಕಬ್ಬಿಣದೊಳಗೆ ಗಾಳಿಗುಳ್ಳೆ ಉಳಿದಿರುತ್ತಲ್ಲ, ಹಾಗೆ. ಮೆಕ್ಯಾನಿಕಲ್‌ನವರಿಗೆ ಅದು ದೋಷ, ಇವರಿಗೆ ಅದೇ ಬಾಗಿಲು. ಅಲ್ಲಿ ಕೂರುವ ಅಣುಗಳನ್ನು ಹುಡುಕಿ ತಿದ್ದಿ ಬೆಳೆಸಿ, ಕೊನೆಗೆ ಬಂದ ಮಾತ್ರೆಯ ಹೆಸರು ಬೆಲ್ಜುಟಿಫಾನ್.

61 ಜನ ವಿಎಚ್‌ಎಲ್ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರ ಕಿಡ್ನಿ ಗೆಡ್ಡೆಗಳು ಎದ್ದುಕಾಣುವಷ್ಟು ಕುಗ್ಗಿದವು. 2021ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ವಿಎಚ್‌ಎಲ್ ಕಾಯಿಲೆಗೂ, 2023ರ ಡಿಸೆಂಬರಿನಲ್ಲಿ ಬೇರೆ ಔಷಧಿಗಳಿಗೆ ಬಗ್ಗದ ಮುಂದುವರಿದ ಕಿಡ್ನಿ ಕ್ಯಾನ್ಸರಿಗೂ ಮಂಜೂರಾತಿ ಸಿಕ್ಕಿತು. ಜೀನ್ ಸಿಕ್ಕಿ ಆಗಲೇ 28 ವರ್ಷ ಕಳೆದಿತ್ತು. ಅರ್ಧದಷ್ಟು ಅನ್ನೋದನ್ನು ಮರೆಯೋ ಹಾಗಿಲ್ಲ. ಮಾತ್ರೆ ಎಲ್ಲರಿಗೂ ನಾಟಲ್ಲ, ಕೆಲವರಲ್ಲಿ ಮೊದಮೊದಲು ನಾಟಿ ಆಮೇಲೆ ಕೆಲಸ ನಿಲ್ಲಿಸುತ್ತೆ. ಆದ್ರೆ ವರ್ಷಕ್ಕೊಂದು ಆಪರೇಷನ್ ಅಂತ ಕಾಯುವವರಿಗೆ, ಈ ವರ್ಷ ಬೇಡ ಅಂತ ಡಾಕ್ಟರ್ ಹೇಳೋದು ಸಣ್ಣ ಮಾತಲ್ಲ.

ಕೇಲಿನ್ 2017ರಲ್ಲಿ ನೇಚರ್ ಪತ್ರಿಕೆಗೆ ಒಂದು ಲೇಖನ ಬರೆದರು. ಈಗಿನ ಸಂಶೋಧನಾ ಪ್ರಬಂಧಗಳು ಹುಲ್ಲಿನಲ್ಲಿ ಕಟ್ಟಿದ ಬಂಗಲೆಗಳ ಹಾಗಾಗಿವೆ, ಚಿಕ್ಕದಾದರೂ ಇಟ್ಟಿಗೆ ಮನೆ ಕಟ್ಟಿ ಅನ್ನೋದು ಅದರ ಸಾರ. ಒಂದೇ ಪೇಪರಿನಲ್ಲಿ ಹತ್ತು ದೊಡ್ಡ ಮಾತು ಹೇಳಿ ಯಾವುದನ್ನೂ ಗಟ್ಟಿಯಾಗಿ ಸಾಬೀತು ಮಾಡದಿದ್ದರೆ, ಅದರ ಮೇಲೆ ಔಷಧಿ ಮಾಡಲು ಹೊರಟವರ ಗತಿ ಏನು ಅಂತ ಅವರ ಸಿಟ್ಟು. ನಮ್ಮ ಮಿನಿ ಪ್ರಾಜೆಕ್ಟ್ ರಿಪೋರ್ಟ್‌ಗಳ ಕನ್‌ಕ್ಲೂಷನ್ ಪುಟ ನೆನಪಾಗಿ ನಮಗೆ ಸ್ವಲ್ಪ ನಾಚಿಕೆ ಆಯಿತು.

ಕೊನೆಗೆ ಒಂದು ಸಂಗತಿ ಉಳಿಯಿತು. ಬೆಲ್ಜುಟಿಫಾನ್ ತಗೊಂಡ ಬಹುಪಾಲು ರೋಗಿಗಳಿಗೆ ರಕ್ತಹೀನತೆ ಬರುತ್ತೆ. ಯಾಕೆ ಅಂತ ಇಷ್ಟು ಹೊತ್ತಿಗೆ ನಿಮಗೇ ಗೊತ್ತಾಗಿರಬೇಕು: ಎರಿಥ್ರೊಪೊಯೆಟಿನ್ ಹುಟ್ಟಿಸುವುದೂ ಇದೇ ಮೋಟರ್. ಇನ್ನು ಕಿಡ್ನಿ ಸೋತು ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕಷ್ಟ ಇದಕ್ಕೆ ತಿರುಗುಮುರುಗು. ಅವರಿಗೆ ಆ ಹಾರ್ಮೋನೇ ಸಾಲದು, ಅದಕ್ಕೇ ರಕ್ತಹೀನತೆ. ಅವರಿಗಾಗಿ, ಆಮ್ಲಜನಕದ ಸೀಲ್ ಒತ್ತುವ ಕಿಣ್ವವನ್ನು ಬೇಕೆಂದೇ ತಡೆದು ಮೋಟರನ್ನು ಹದವಾಗಿ ಓಡಿಸುವ ಮಾತ್ರೆಗಳು ಬಂದಿವೆ. ಅವುಗಳಲ್ಲೊಂದು ಡೆಸಿಡುಸ್ಟಾಟ್. ಅಹಮದಾಬಾದಿನ ಝೈಡಸ್ ಕಂಪನಿ ರೂಪಿಸಿದ ಈ ಮಾತ್ರೆಗೆ ನಮ್ಮ ದೇಶದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿದೆ.