ಒಂಟಿ ಎತ್ತಿಗೆ ಜೊತೆ ಹುಡುಕಿದವರು

2024ರ ನವೆಂಬರ್ 24ರ ರಾತ್ರಿ ಬೂಕನಕೆರೆಯ ಆರ್‌ಸಿಬಿ ಅಭಿಮಾನಿಗಳ ಕೈಗೆ ಪೆನ್ನು ಕೊಟ್ಟಿದ್ದರೆ, ತಂಡ ಕಟ್ಟಲು ಕೂತವರಿಗೆ ನೂರಕ್ಕೆ ಮೂವತ್ತೈದು ಅಂಕವೂ ದಕ್ಕುತ್ತಿರಲಿಲ್ಲ. ಸೌದಿಯ ಜೆಡ್ಡಾದಲ್ಲಿ ಐಪಿಎಲ್ ಮೆಗಾ ಹರಾಜಿನ ಮೊದಲ ದಿನ ಮುಗಿದಿತ್ತು. ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿ ಪಾಲಾಗಿದ್ದ. ಸಿರಾಜ್ 12.25 ಕೋಟಿಗೆ ಗುಜರಾತಿಗೆ ಹೋಗಿದ್ದ. ‘ನಮ್ಮುಡ್ಗುನ್ನೇ ಬುಟ್ಬುಟ್ರಲ್ಲಣ್ಣ, ಇವ್ರ್ ಯಾವ್ ಕಪ್ ಗೆದ್ದಾರು’ ಅನ್ನುವುದೇ ಎಲ್ಲರ ಮಾತು.

ಕಪ್ ಬಂತು, 2025ರ ಜೂನ್ 3ರಂದು, ಹದಿನೆಂಟನೇ ಸಲಕ್ಕೆ. ಮಾರನೆಯ ದಿನವೇ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜೀವ ಹೋದವು. ಆಮೇಲೆ ಆ ಕಪ್ಪಿನ ಬಗ್ಗೆ ಕುಣಿದು ಬರೆಯುವ ಮನಸ್ಸು ನನಗಿಲ್ಲ. ಆದರೆ ಜೆಡ್ಡಾದ ಎರಡು ದಿನದ ವ್ಯಾಪಾರದ ಪಟ್ಟಿಯನ್ನು ಈಗ ಸಾವಧಾನವಾಗಿ ಓದಿದರೆ ಅದರೊಳಗೆ ಪಳಗಿದ ಕೈಯ ಕೆಲಸ ಕಾಣುತ್ತದೆ. ಅದನ್ನು ಬಿಡಿಸಿ ಹೇಳಬೇಕೆನಿಸಿದೆ.

ಮೊದಲು ದುಡ್ಡಿನ ಲೆಕ್ಕ. ಆ ಹರಾಜಿನಲ್ಲಿ ಪ್ರತಿ ತಂಡಕ್ಕೂ 120 ಕೋಟಿಯ ಮಿತಿ ಇತ್ತು. ಹಳಬರನ್ನು ಉಳಿಸಿಕೊಂಡರೆ ಅಷ್ಟು ಕಳೆಯಬೇಕು. ಆರ್‌ಸಿಬಿ ಉಳಿಸಿಕೊಂಡದ್ದು ಮೂವರನ್ನು: ಕೊಹ್ಲಿ 21 ಕೋಟಿ, ರಜತ್ ಪಾಟೀದಾರ್ 11, ಯಶ್ ದಯಾಳ್ 5. ಕೈಯಲ್ಲಿ 83 ಕೋಟಿ ಉಳಿಯಿತು. ಅದರಲ್ಲಿ ಕನಿಷ್ಠ 18, ಹೆಚ್ಚೆಂದರೆ 25 ಜನರ ತಂಡ ಆಗಬೇಕು. ವಿದೇಶಿಗರು ಎಂಟು ಜನರಿಗೆ ಮೀರುವಂತಿಲ್ಲ, ಮೈದಾನಕ್ಕೆ ಇಳಿಯುವವರಲ್ಲಿ ನಾಲ್ವರಿಗೆ ಮೀರುವಂತಿಲ್ಲ.

ನಮ್ಮ ಕಡೆ ಹೇಮಗಿರಿ ದನದ ಜಾತ್ರೆ ನೋಡಿದವರಿಗೆ ಮುಂದಿನದು ಸಲೀಸಾಗಿ ಅರ್ಥವಾಗುತ್ತದೆ. ಜೋಡಿ ಕೊಳ್ಳಲು ಬಂದವನಿಗೆ ಜಾತ್ರೆಯೆಲ್ಲ ತೆರೆದಿರುತ್ತದೆ, ಒಳ್ಳೆಯದು ಕಂಡ ಕಡೆ ನಿಲ್ಲಬಹುದು. ಕಷ್ಟ ಇರುವುದು ಹಟ್ಟಿಯಲ್ಲಿ ಒಂಟಿ ಎತ್ತು ಬಿಟ್ಟು ಬಂದವನಿಗೆ. ಅವನು ಹಲ್ಲು, ಸುಳಿ, ಗೊರಸು ನೋಡಿದರಷ್ಟೇ ಸಾಲದು; ಮನೆಯಲ್ಲಿರುವುದರ ಎತ್ತರ, ನಡಿಗೆ, ಸಿಟ್ಟು ಎಲ್ಲವೂ ತಲೆಯಲ್ಲಿರಬೇಕು. ಜಾತ್ರೆಗೇ ಚೆಂದದ ಹೋರಿ ಅವನಿಗೆ ಉಪಯೋಗಕ್ಕೆ ಬಾರದೆ ಹೋಗಬಹುದು. ಹರಾಜಿಗೆ ಕೂತ ಆ್ಯಂಡಿ ಫ್ಲವರ್, ಮೊ ಬೊಬಾಟ್, ದಿನೇಶ್ ಕಾರ್ತಿಕ್ ಅವರದು ಇದೇ ಪರಿಸ್ಥಿತಿ. ಒಂದೇ ವ್ಯತ್ಯಾಸ: ಇಲ್ಲಿ ಟವಲ್ಲಿನಡಿ ಬೆರಳು ಹಿಡಿದು ಗುಟ್ಟಾಗಿ ದರ ಹೇಳುವಂತಿಲ್ಲ, ಟಿ.ವಿ. ಮುಂದೆ ಊರಿಗೆಲ್ಲ ಕಾಣುವಂತೆ ಫಲಕ ಎತ್ತಬೇಕು.

ಕೊಹ್ಲಿ ಒಂದು ತುದಿ ಹಿಡಿದು ನಿಲ್ಲುವ ಆಟಗಾರ. ಇನ್ನೊಂದು ತುದಿಯಲ್ಲಿ ಮೊದಲ ಚೆಂಡಿಗೇ ಬೀಸುವವನು ಬೇಕು. ಅದಕ್ಕೇ 11.5 ಕೋಟಿ ಸುರಿದು ಫಿಲ್ ಸಾಲ್ಟ್. ಪಾಟೀದಾರ್ ಸ್ಪಿನ್ನರ್‌ಗಳನ್ನು ಬಡಿಯುತ್ತಾನೆ, ಆದರೆ ಕೊನೆಯ ಐದು ಓವರಿಗೆ ಬೇರೆ ಕೈ ಬೇಕು. ಅಲ್ಲಿಗೆ ಜಿತೇಶ್ ಶರ್ಮಾ (11 ಕೋಟಿ), ಟಿಮ್ ಡೇವಿಡ್ (ಬರೀ 3 ಕೋಟಿ), ರೊಮಾರಿಯೊ ಶೆಫರ್ಡ್ (1.5 ಕೋಟಿ). ಶೆಫರ್ಡ್ ಚೆನ್ನೈ ವಿರುದ್ಧ 14 ಎಸೆತದಲ್ಲಿ 53 ಹೊಡೆದ. ಜಿತೇಶ್ ಲಖನೌದಲ್ಲಿ 228ರ ಗುರಿ ಬೆನ್ನಟ್ಟುವಾಗ 33 ಎಸೆತದಲ್ಲಿ 85 ಹೊಡೆದು ತಂಡವನ್ನು ಮೊದಲೆರಡು ಸ್ಥಾನದೊಳಕ್ಕೆ ತಂದ.

ಬೌಲಿಂಗ್ ವಿಷಯಕ್ಕೆ ಬಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 2024ರ ಏಪ್ರಿಲ್ 15ರಂದು ಹೈದರಾಬಾದಿನವರು ನಮ್ಮ ಚಿನ್ನಸ್ವಾಮಿಯಲ್ಲೇ 3 ವಿಕೆಟ್‌ಗೆ 287 ಚಚ್ಚಿ ಐಪಿಎಲ್ ದಾಖಲೆ ಬರೆದರು. ಆ ವರ್ಷ ಮೊದಲ ಎಂಟು ಪಂದ್ಯದಲ್ಲಿ ಏಳು ಸೋಲು. ಎಷ್ಟು ರನ್ ಹೊಡೆದರೂ ಉಳಿಸಿಕೊಳ್ಳುವವರಿಲ್ಲ ಎಂಬುದು ನಮ್ಮ ಹಳೇ ರೋಗ. ಹಾಗಾಗಿ ಜೋಶ್ ಹೇಜಲ್‌ವುಡ್‌ಗೆ 12.5 ಕೋಟಿ ಕೊಟ್ಟಾಗ ನನಗೆ ಆಶ್ಚರ್ಯವಾಗಲಿಲ್ಲ. ಎರಡನೇ ದಿನದ ಭುವನೇಶ್ವರ್ ಖರೀದಿ ಮಾತ್ರ ಈಗಲೂ ಮತ್ತೆ ಮತ್ತೆ ನೋಡಬೇಕೆನಿಸುವ ಚಾಕಚಕ್ಯತೆ. ಮುಂಬೈ ಮತ್ತು ಲಖನೌ ತಂಡಗಳು ಜಿದ್ದಿಗೆ ಬಿದ್ದು 10.50 ಕೋಟಿವರೆಗೂ ಏರಿಸಿದವು. ಅಲ್ಲಿಯತನಕ ಆರ್‌ಸಿಬಿ ಮೇಜು ಉಸಿರೆತ್ತಲಿಲ್ಲ. ಅವರಿಬ್ಬರ ಏದುಸಿರು ಮುಗಿಯುವ ಹೊತ್ತಿಗೆ 10.75 ಎಂದು ಒಂದೇ ಕೂಗು. ವ್ಯಾಪಾರ ಮುಗಿಯಿತು. ಮೊದಲೇ ಕೈ ಎತ್ತಿದ್ದರೆ ಮೂವರ ಜಗ್ಗಾಟವಾಗಿ ಬೆಲೆ ಎಲ್ಲಿಗೆ ಮುಟ್ಟುತ್ತಿತ್ತೋ.

ಇಂಥ ತಾಳ್ಮೆಗೆ ಮೊದಲು ಕೈಯಲ್ಲಿ ಕಾಸಿರಬೇಕು. ಮೊದಲ ದಿನ ಆರೇ ಜನರನ್ನು ಕೊಂಡು 30.65 ಕೋಟಿ ಮಿಗಿಸಿಕೊಂಡಿದ್ದಕ್ಕೆ ಜನ ‘ಜಿಪುಣರು’ ಎಂದು ಬೈದರು. ಆ ಜಿಪುಣತನವೇ ಎರಡನೇ ದಿನ ಭುವಿಯನ್ನೂ, 5.75 ಕೋಟಿಗೆ ಕೃನಾಲ್ ಪಾಂಡ್ಯನನ್ನೂ ತಂದಿತು. ಕೃನಾಲ್ ಹೆಸರು ಕೇಳಿ ಯಾರೂ ಪಟಾಕಿ ಹಚ್ಚುವುದಿಲ್ಲ. ಅಹಮದಾಬಾದಿನ ಫೈನಲ್‌ನಲ್ಲಿ ಪಂಜಾಬ್ 191ರ ಬೆನ್ನು ಹತ್ತಿದಾಗ 4 ಓವರಿನಲ್ಲಿ 17 ರನ್ ಕೊಟ್ಟು 2 ವಿಕೆಟ್ ಕಿತ್ತವನು ಅವನೇ. ಗೆದ್ದದ್ದು ಆರು ರನ್ನಿಂದ.

ಎಲ್ಲವೂ ಜಾಣತನ ಅಂದರೆ ಸುಳ್ಳಾಗುತ್ತದೆ, ಅದೃಷ್ಟವೂ ಇತ್ತು. ವೆಂಕಟೇಶ್ ಅಯ್ಯರ್‌ಗಾಗಿ ಇದೇ ಜನ ಕೋಲ್ಕತ್ತದ ಜತೆ ಹಠಕ್ಕೆ ಬಿದ್ದು 23.50 ಕೋಟಿವರೆಗೆ ಹೋಗಿದ್ದರು. ಕೋಲ್ಕತ್ತ 23.75 ಅಂದಿತು, ನಮ್ಮವರು ಫಲಕ ಕೆಳಗಿಟ್ಟರು. ಇನ್ನೊಂದು ಸಲ ಎತ್ತಿದ್ದರೆ ಹೇಜಲ್‌ವುಡ್ಡೂ ಇಲ್ಲ, ಭುವಿಯೂ ಇಲ್ಲ.

ಕನ್ನಡಿಗರ ದೂರು ಹಾಗೇ ಉಳಿದಿದೆ, ಉಳಿಯಬೇಕಾದದ್ದೇ. 22 ಜನರಲ್ಲಿ ನಮ್ಮವರು ಇಬ್ಬರು. ದೇವದತ್ತ ಪಡಿಕ್ಕಲ್‌ನನ್ನು ಮೊದಲ ಕೂಗಿಗೆ ಯಾರೂ ಕೊಳ್ಳಲಿಲ್ಲ. ಮರುದಿನ ಮತ್ತೆ ಕರೆದಾಗ ಮೂಲಬೆಲೆ 2 ಕೋಟಿಗೇ ಸಿಕ್ಕ, ಗಾಯಗೊಂಡು ಹೊರಹೋಗುವವರೆಗೆ ಮೂರನೇ ಕ್ರಮಾಂಕದಲ್ಲಿ ಚೆನ್ನಾಗಿಯೇ ಆಡಿದ. ಇನ್ನೊಬ್ಬ ಮನೋಜ್ ಭಾಂಡಗೆ, 30 ಲಕ್ಷ. 2024ರ ಮಹಾರಾಜ ಟ್ರೋಫಿ ಫೈನಲ್‌ನಲ್ಲಿ ಮೈಸೂರು ವಾರಿಯರ್ಸ್ ಪರ 13 ಎಸೆತದಲ್ಲಿ 44 ಬಾರಿಸಿದ ಹುಡುಗ. ಮಂಡ್ಯ ಸೀಮೆಯ ನಮಗೆ ಮೈಸೂರು ಅಂದರೆ ಮನೆ ತಂಡ. ಅವನಿಗೆ ಇನ್ನಷ್ಟು ಅವಕಾಶ ಕೊಡಬೇಕಿತ್ತು ಎಂಬ ಹೊಟ್ಟೆಯುರಿ ನನಗೆ ಈಗಲೂ ಇದೆ. ರಾಹುಲ್ ವಿಷಯದಲ್ಲಿ ಮಾತ್ರ, ಕೊಹ್ಲಿ ಪಕ್ಕದಲ್ಲಿ ಅದೇ ನಡಿಗೆಯ ಇನ್ನೊಬ್ಬನಿಗೆ 14 ಕೋಟಿ ಬೇಡ ಅಂದುಕೊಂಡದ್ದು ಸರಿ ಎನ್ನುವವನು ನಾನು. ಊರಿನಲ್ಲಿ ಇದಕ್ಕೆ ಒಪ್ಪುವವರು ಕಡಿಮೆ.

ತಪ್ಪಿದ ಖರೀದಿಗಳೂ ಇವೆ. ರಸಿಕ್ ದಾರ್‌ಗೆ 6 ಕೋಟಿ ಕೊಟ್ಟು ಬೆಂಚಿನ ಮೇಲೆ ಕೂರಿಸಿದರು. ಎಲ್ಲರಿಗಿಂತ ಮೊದಲು ಕೊಂಡ ಲಿಯಾಮ್ ಲಿವಿಂಗ್‌ಸ್ಟನ್, 8.75 ಕೋಟಿಯವನು, ಗುಜರಾತ್ ಎದುರಿನ ಒಂದು ಅರ್ಧಶತಕ ಬಿಟ್ಟರೆ ಹೇಳಿಕೊಳ್ಳುವಂತೆ ಆಡಲಿಲ್ಲ. ಕಪ್ ಗೆದ್ದ ಖುಷಿಯಲ್ಲಿ ಅವನನ್ನು ಉಳಿಸಿಕೊಳ್ಳುತ್ತಾರೇನೋ ಅಂದುಕೊಂಡಿದ್ದೆ, ಬಿಟ್ಟರು. 2025ರ ಡಿಸೆಂಬರ್ ಹರಾಜಿನಲ್ಲಿ ಹೈದರಾಬಾದ್ ಅವನಿಗೆ 13 ಕೋಟಿ ಕೊಟ್ಟಿತು. ಅದೇ ದಿನ ಆರ್‌ಸಿಬಿ, ವರ್ಷದ ಹಿಂದೆ 23.50ಕ್ಕೂ ಸಿಗದಿದ್ದ ವೆಂಕಟೇಶ್ ಅಯ್ಯರ್‌ನನ್ನು 7 ಕೋಟಿಗೆ ಕೊಂಡಿತು.