ಮನೆಯ ನಾಯಿಗೆ ಮೂರ್ಛೆ ಬಂದಾಗ

ಚೆನ್ನಾಗಿ ಉಂಡು ಓಡಾಡಿಕೊಂಡಿದ್ದ ನಾಯಿ ಒಂದು ದಿನ ಬೆಳಗಿನ ಜಾವದಲ್ಲಿ ಮಲಗಿದ್ದಲ್ಲೇ ಸೆಟೆದುಕೊಳ್ಳುತ್ತದೆ. ಕೊರಳು ಹಿಂದಕ್ಕೆ ಬಾಗುತ್ತದೆ. ಕಾಲುಗಳು ಕಟ್ಟಿಗೆಯಂತೆ ಬಿಗಿಯುತ್ತವೆ. ತುಸು ಹೊತ್ತಿನಲ್ಲೇ ನೀರಿನಲ್ಲಿ ಈಜುವಂತೆ ನಾಲ್ಕು ಕಾಲುಗಳೂ ಬಡಿಯತೊಡಗುತ್ತವೆ. ದವಡೆ ಕಚ್ಚುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ಮಲಮೂತ್ರಗಳ ಮೇಲೆ ಹಿಡಿತ ತಪ್ಪುತ್ತದೆ. ಆಗ ಮನೆಯಲ್ಲಿ ಒಬ್ಬರು ಮುಖಕ್ಕೆ ನೀರೆರಚುತ್ತಾರೆ. ಇನ್ನೊಬ್ಬರು ಕಬ್ಬಿಣದ ಬೀಗದ ಕೈಯನ್ನೋ ಈರುಳ್ಳಿಯನ್ನೋ ತರಲು ಓಡುತ್ತಾರೆ. ಮತ್ತೊಬ್ಬರು ‘ಹುಚ್ಚು ಹಿಡಿದಿದೆ, ಮೊದಲು ಹೊರಗೆ ಹಾಕಿ’ ಎನ್ನುತ್ತಾರೆ. ಈ ಮೂರರಲ್ಲಿ ಒಂದರಿಂದಲೂ ನಾಯಿಗೆ ಉಪಕಾರವಿಲ್ಲ. ಆ ಹೊತ್ತಿನಲ್ಲಿ ಮೊದಲು ನೋಡಬೇಕಾದದ್ದು ಗಡಿಯಾರವನ್ನು.

ಈ ರೋಗಕ್ಕೆ ನಮ್ಮ ಆಯುರ್ವೇದ ಗ್ರಂಥಗಳು ‘ಅಪಸ್ಮಾರ’ ಎಂಬ ಹೆಸರನ್ನು ಕೊಟ್ಟಿವೆ. ಸ್ಮೃತಿ ಎಂದರೆ ನೆನಪು, ಅರಿವು. ಅದು ತೊಲಗಿಹೋಗುವುದೇ ಅಪಸ್ಮಾರ. ನಟರಾಜನ ಪಾದದಡಿಯಲ್ಲಿ ಬಿದ್ದಿರುವ ಕುಳ್ಳನೆಯ ಆಕೃತಿಗೂ ಇದೇ ಹೆಸರು. ಹೆಸರಿನಲ್ಲಿಯೇ ಒಂದು ಸಮಾಧಾನವೂ ಅಡಗಿದೆ: ಮೈಯೆಲ್ಲ ಸೆಳೆಯುವಾಗ ನಾಯಿಗೆ ಎಚ್ಚರವಿರುವುದಿಲ್ಲ. ನೋಡುವವರ ಕರುಳು ಹಿಂಡಿದರೂ, ಆ ನಿಮಿಷದ ಸಂಕಟ ಅದರ ಅರಿವಿಗೆ ಬರುವುದಿಲ್ಲವೆಂದೇ ವೈದ್ಯರ ಮತ. ಕೆಲವು ನಾಯಿಗಳು ಆರಂಭದಲ್ಲಿ ಊಳಿಟ್ಟಂತೆ ಕೂಗುವುದುಂಟು. ಅದು ಎದೆಯ ಸ್ನಾಯುಗಳು ಬಿಗಿದು ಉಸಿರು ಹೊರನುಗ್ಗುವ ಸದ್ದು, ನೋವಿನ ಮೊರೆಯಲ್ಲ.

ಮಿದುಳಿನ ಕಣಗಳು ಅತಿ ಸೂಕ್ಷ್ಮವಾದ ವಿದ್ಯುತ್ತಿನ ಮೂಲಕ ಒಂದಕ್ಕೊಂದು ಸುದ್ದಿ ಕಳುಹಿಸುತ್ತವೆ. ಕೆಲವು ಪ್ರಚೋದಿಸುವಂಥವು, ಕೆಲವು ತಡೆಯುವಂಥವು. ಇವೆರಡರ ಸಮತೂಕ ತಪ್ಪಿದಾಗ ಅಸಂಖ್ಯಾತ ಕಣಗಳು ಏಕಕಾಲದಲ್ಲಿ ಸಿಡಿಯುತ್ತವೆ. ರೇಡಿಯೋದಲ್ಲಿ ಹತ್ತು ನಿಲಯಗಳು ಒಂದೇ ಮುಳ್ಳಿನಲ್ಲಿ ಒಟ್ಟಿಗೆ ಗರ್ಜಿಸಿದರೆ ಹೇಗೋ ಹಾಗೆ. ಮನುಷ್ಯನ ಮಿದುಳಿನ ಈ ವಿದ್ಯುತ್ತನ್ನು ಜರ್ಮನಿಯ ಹಾನ್ಸ್ ಬರ್ಗರ್ ೧೯೨೪ರಲ್ಲಿ ಮೊದಲಿಗೆ ಗುರುತು ಹಾಕಿ, ೧೯೨೯ರಲ್ಲಿ ಪ್ರಕಟಿಸಿದನು. ಭೂತಚೇಷ್ಟೆಯೆಂಬ ಮಾತಿಗೆ ಆಮೇಲೆ ಯಾವ ಆಧಾರವೂ ಉಳಿಯಲಿಲ್ಲ.

ನಿದ್ದೆಯಲ್ಲಿ ನಾಯಿ ಕಾಲಾಡಿಸುವುದೆಲ್ಲ ಮೂರ್ಛೆಯಲ್ಲ. ಹೆಸರು ಹಿಡಿದು ಕರೆದರೆ ಕಣ್ಣು ಬಿಟ್ಟು ಬಾಲವಾಡಿಸಿದರೆ ಅದು ಕನಸು. ಕರೆಗೆ ಓಗೊಡದೆ ಬಿಗಿದು ಬಡಿದುಕೊಂಡರೆ ಮೂರ್ಛೆ. ಮೈ ಬಿಗಿಯದೆ, ಬಟ್ಟೆಯಂತೆ ಕುಸಿದುಬಿದ್ದು ಕ್ಷಣದಲ್ಲೇ ಎದ್ದು ನಿಂತರೆ ಹೃದಯದ ದೋಷವಿರಬಹುದು. ಈ ಭೇದಗಳು ವೈದ್ಯರಿಗೆ ಬಹಳ ಉಪಯುಕ್ತ. ಕೈಯಲ್ಲಿ ಮೊಬೈಲ್ ಫೋನಿದ್ದರೆ ಒಬ್ಬರು ಚಿತ್ರ ಹಿಡಿಯಲಿ. ಆ ಎರಡು ನಿಮಿಷದ ಚಿತ್ರ ನಾವು ಅರ್ಧ ಗಂಟೆ ವರ್ಣಿಸಿದ್ದಕ್ಕಿಂತ ಹೆಚ್ಚು ತಿಳಿಸುತ್ತದೆ.

ಇನ್ನು ಮಾಡತಕ್ಕ ಕೆಲಸ. ಸೆಳೆತ ಆರಂಭವಾದೊಡನೆ ಗಂಟೆ ನಿಮಿಷವನ್ನು ನೋಡಿಕೊಳ್ಳಿ. ಹೆಚ್ಚಿನ ಮೂರ್ಛೆಗಳು ಒಂದೆರಡು ನಿಮಿಷದಲ್ಲಿ ತಾವೇ ನಿಲ್ಲುತ್ತವೆ. ಗಾಬರಿಯಲ್ಲಿ ಅದೇ ಹೊತ್ತು ಕಾಲು ಗಂಟೆಯಂತೆ ತೋರುತ್ತದೆ. ನಾಯಿ ಮೆಟ್ಟಿಲ ತುದಿಯಲ್ಲೋ ನೀರಿನ ತೊಟ್ಟಿಯ ಬಳಿಯಲ್ಲೋ ಇದ್ದರೆ ಹಿಂಗಾಲಿನ ಕಡೆಯಿಂದ ಮೆಲ್ಲಗೆ ಈಚೆಗೆ ಎಳೆಯಿರಿ. ಸುತ್ತಲಿನ ಕುರ್ಚಿ, ಸ್ಟೂಲುಗಳನ್ನು ಸರಿಸಿ. ಗೋಡೆಗೂ ತಲೆಗೂ ನಡುವೆ ಒಂದು ದಿಂಬು ಇಡಿ. ದೀಪ ತಗ್ಗಿಸಿ, ರೇಡಿಯೋ ನಿಲ್ಲಿಸಿ, ಮಕ್ಕಳನ್ನು ಪಕ್ಕದ ಕೋಣೆಗೆ ಕಳುಹಿಸಿ. ಬಳಿಕ ದೂರದಲ್ಲಿ ಕುಳಿತು ಕಾಯಿರಿ.

ಮಾಡಬಾರದ್ದರಲ್ಲಿ ಮುಖ್ಯವಾದದ್ದು ಬಾಯಿಗೆ ಕೈ ಹಾಕುವುದು. ನಾಲಿಗೆಯನ್ನು ನುಂಗಿಬಿಡುತ್ತದೆಂಬ ಭಯ ನಿರಾಧಾರ. ನಾಯಿ ನಾಲಿಗೆಯನ್ನು ನುಂಗಲಾರದು. ಆದರೆ ಅರಿವಿಲ್ಲದ ಅದರ ದವಡೆ ಯಜಮಾನನ ಬೆರಳನ್ನು ಕತ್ತರಿಸಬಲ್ಲುದು. ಚಮಚ, ಬಟ್ಟೆ, ನೀರು, ಔಷಧಿ, ಯಾವುದನ್ನೂ ಬಾಯೊಳಗೆ ಹಾಕಕೂಡದು. ಉಸಿರಿನ ನಾಳಕ್ಕೆ ಹೋಗುವ ಅಪಾಯವುಂಟು. ಮೈಯನ್ನು ಅದುಮಿ ಹಿಡಿದರೆ ಸೆಳೆತ ನಿಲ್ಲುವುದಿಲ್ಲ. ಕಬ್ಬಿಣದಲ್ಲಿ ಗುಣವಿಲ್ಲ. ಈರುಳ್ಳಿಯಂತೂ ಹೊಟ್ಟೆಗೆ ಹೋದರೆ ನಾಯಿಗೆ ವಿಷವೇ. ಅದರ ರಕ್ತಕಣಗಳನ್ನು ನಾಶಮಾಡುತ್ತದೆ. ಬರೆ ಹಾಕುವ ಪದ್ಧತಿ ಇನ್ನೂ ಎಲ್ಲಾದರೂ ಉಳಿದಿದ್ದರೆ ಅದನ್ನು ಕ್ರೌರ್ಯವೆಂದಲ್ಲದೆ ಬೇರೆ ಹೆಸರಿನಿಂದ ಕರೆಯಲಾಗದು.

ಸೆಳೆತ ನಿಂತ ಮೇಲೆ ಮತ್ತೊಂದು ಘಟ್ಟವಿದೆ. ನಾಯಿ ತತ್ತರಿಸುತ್ತ ಏಳುತ್ತದೆ, ಗೋಡೆಗೆ ಹಾಯುತ್ತದೆ, ಗೊತ್ತುಗುರಿಯಿಲ್ಲದೆ ಮನೆಯೆಲ್ಲ ಸುತ್ತುತ್ತದೆ. ಕೆಲವಕ್ಕೆ ತಾತ್ಕಾಲಿಕವಾಗಿ ಕಣ್ಣು ಕಾಣುವುದಿಲ್ಲ; ಕೆಲವಕ್ಕೆ ವಿಪರೀತ ಹಸಿವು. ಸಾಕಿದವರನ್ನೇ ಗುರುತಿಸದೆ ಹಲ್ಲು ತೋರಿಸುವುದೂ ಉಂಟು. ಇದು ಕೃತಘ್ನತೆಯಲ್ಲ, ಅರಿವು ಪೂರ್ತಿ ಮರಳಿಲ್ಲವೆಂಬುದರ ಗುರುತು. ಕೆಲವು ನಿಮಿಷಗಳಿಂದ ಹಿಡಿದು ಒಮ್ಮೊಮ್ಮೆ ಒಂದು ದಿನದವರೆಗೂ ಹೀಗಿರಬಹುದು. ಮಕ್ಕಳು ತಬ್ಬಿಕೊಳ್ಳಲು ಹೋಗದಂತೆ ನೋಡಿಕೊಂಡು ಮೆಲುದನಿಯಲ್ಲಿ ಮಾತನಾಡಿಸಿ. ನೆಟ್ಟಗೆ ನಿಂತು ನಡೆಯತೊಡಗಿದ ಮೇಲೆಯೇ ನೀರು, ಸ್ವಲ್ಪ ಆಹಾರ.

ಗಡಿಯಾರದ ಮಾತು ಏಕೆಂದರೆ, ಐದು ನಿಮಿಷ ದಾಟಿದ ಸೆಳೆತ ಪ್ರಾಣಾಪಾಯದ್ದು. ಸ್ನಾಯುಗಳ ಬಡಿತದಿಂದ ಮೈಯ ಕಾವು ಏರಿ ಮಿದುಳಿಗೆ ಹಾನಿಯಾಗುತ್ತದೆ. ಹಾಗಾದರೆ ಪಂಜಗಳಿಗೂ ಹೊಟ್ಟೆಗೂ ತಣ್ಣೀರಿನ ಒದ್ದೆ ಬಟ್ಟೆ ಒತ್ತುತ್ತ, ಗಾಳಿ ಹಾಕುತ್ತ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಒಂದು ದಿನದಲ್ಲಿ ಎರಡು ಸಲ ಬಂದರೂ, ಒಂದು ಸೆಳೆತದ ನಡುವೆ ಎಚ್ಚರಗೊಳ್ಳದೆ ಇನ್ನೊಂದು ಬಂದರೂ ಇದೇ ನಿಯಮ. ಜೀವನದಲ್ಲಿ ಮೊದಲ ಸಲ ಬಂದ ಮೂರ್ಛೆ ಒಂದೇ ನಿಮಿಷದಲ್ಲಿ ನಿಂತರೂ ಒಂದೆರಡು ದಿನಗಳೊಳಗೆ ತೋರಿಸಿಕೊಂಡು ಬರುವುದು ಲೇಸು.

ವೈದ್ಯರು ಮೊದಲು ಹುಡುಕುವುದು ಕಾರಣವನ್ನು. ಇಲಿಪಾಷಾಣ, ತೋಟಕ್ಕೆ ಸಿಂಪಡಿಸಿದ ಕೀಟನಾಶಕ, ಅಳತೆ ಮೀರಿ ಹಚ್ಚಿದ ಉಣ್ಣೆಯ ಔಷಧಿ, ಚಾಕೊಲೇಟು, ರಕ್ತದಲ್ಲಿ ಸಕ್ಕರೆಯ ಕೊರತೆ, ಯಕೃತ್ತಿನ ದೋಷ, ತಲೆಗೆ ಪೆಟ್ಟು, ಮಿದುಳಿನ ಗಡ್ಡೆ — ಯಾವುದರಿಂದಲೂ ಸೆಳೆತ ಬರಬಹುದು. ಮರಿಹಾಕಿ ಕೆಲವು ವಾರಗಳಾದ ಸಣ್ಣ ಜಾತಿಯ ತಾಯಿನಾಯಿಗೆ ಸುಣ್ಣದಂಶ ಇಳಿದು ನಡುಕ ಹತ್ತುವುದುಂಟು. ಲಸಿಕೆ ಹಾಕಿಸದ ಮರಿಗಳಿಗೆ ಡಿಸ್ಟೆಂಪರ್ ಎಂಬ ಸೋಂಕಿನಿಂದ ಬರುತ್ತದೆ. ಇವಾವುವೂ ಇಲ್ಲದೆ, ಆರು ತಿಂಗಳಿಂದ ಆರು ವರ್ಷದೊಳಗಿನ ಆರೋಗ್ಯವಂತ ನಾಯಿಗೆ ಮತ್ತೆ ಮತ್ತೆ ಬಂದರೆ ಅದನ್ನು ಹುಟ್ಟಿನಿಂದ ಬಂದ ಅಪಸ್ಮಾರವೆಂದು ಭಾವಿಸುತ್ತಾರೆ. ಬೀಗಲ್, ಲ್ಯಾಬ್ರಡಾರ್, ಜರ್ಮನ್ ಷೆಫರ್ಡ್ ಮುಂತಾದ ಜಾತಿಗಳಲ್ಲಿ ಇದು ವಂಶದಲ್ಲಿ ಹರಿಯುತ್ತದೆ. ಅಂಥ ನಾಯಿಯಿಂದ ಮರಿ ತೆಗೆಯಬಾರದು.

ಹುಚ್ಚಿನ ಶಂಕೆಯನ್ನೂ ಇಲ್ಲಿ ಬಿಡಿಸಿ ಹೇಳಬೇಕು. ವರ್ಷವರ್ಷವೂ ರೇಬೀಸ್ ಲಸಿಕೆ ಹಾಕಿಸಿದ ನಾಯಿ ಮೂರ್ಛೆ ಹೋಗಿ, ಎದ್ದು, ಮರುದಿನ ಎಂದಿನಂತೆ ಉಂಡರೆ ಅದು ಹುಚ್ಚಲ್ಲ. ರೇಬೀಸ್ ತಗುಲಿದ ನಾಯಿ ಹೀಗೆ ಚೇತರಿಸಿಕೊಳ್ಳುವುದಿಲ್ಲ. ಲಕ್ಷಣ ಕಂಡ ಮೇಲೆ ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಸಾಯುತ್ತದೆ. ಆದರೆ ಲಸಿಕೆಯಿಲ್ಲದ ನಾಯಿ, ಸ್ವಭಾವ ಕೆಟ್ಟು, ನುಂಗಲಾರದೆ, ದವಡೆ ಜೋತು ಜೊಲ್ಲು ಸುರಿಸುತ್ತಿದ್ದರೆ ಯಾರೂ ಮುಟ್ಟದೆ ಕೋಣೆಯಲ್ಲಿ ಕೂಡಿ ವೈದ್ಯರನ್ನು ಕರೆಸಿ. ಅದರ ಹಲ್ಲು ತಾಗಿದರೂ, ಜೊಲ್ಲು ಗಾಯಕ್ಕೆ ಸೋಕಿದರೂ ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಅಪಸ್ಮಾರಕ್ಕೆ ಔಷಧಿಯುಂಟು. ಲಂಡನ್ನಿನ ವೈದ್ಯ ಚಾರ್ಲ್ಸ್ ಲೋಕಾಕ್ ೧೮೫೭ರಲ್ಲಿ ಬ್ರೋಮೈಡಿನ ಗುಣವನ್ನು ತಿಳಿಸಿದನು. ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ೧೯೧೨ರಲ್ಲಿ ಫೀನೋಬಾರ್ಬಿಟಾಲಿನ ಗುಣವನ್ನು ಕಂಡನು. ಮನುಷ್ಯರಿಗಾಗಿ ಕಂಡುಹಿಡಿದ ಈ ಎರಡು ಮದ್ದುಗಳೇ ಇಂದಿಗೂ ನಾಯಿಯ ಚಿಕಿತ್ಸೆಯ ಕಂಬಗಳು. ಲೆವೆಟಿರಾಸಿಟಾಮ್ ಮುಂತಾದ ಹೊಸವೂ ಬಂದಿವೆ. ಆರು ತಿಂಗಳಲ್ಲಿ ಎರಡು ಅಥವಾ ಹೆಚ್ಚು ಸಲ ಬಂದರೆ, ಅಥವಾ ಸೆಳೆತ ದೀರ್ಘವಾದರೆ, ಔಷಧಿ ಆರಂಭಿಸುವುದು ವೈದ್ಯರ ಕ್ರಮ. ಪ್ರಮಾಣವನ್ನು ನಾಯಿಯ ತೂಕ ನೋಡಿ ಅವರೇ ಹೇಳಬೇಕು. ಮನೆಯಲ್ಲಿರುವ ಮಾತ್ರೆಯನ್ನು ಅಂದಾಜಿನಿಂದ ಕೊಡಕೂಡದು.

ಫೀನೋಬಾರ್ಬಿಟಾಲ್ ಹನ್ನೆರಡು ಗಂಟೆಗೊಮ್ಮೆ ಕೊಡುವ ಮಾತ್ರೆ. ಬೆಳಗಿನ ವಾರ್ತೆಗೆ ರೇಡಿಯೋ ಹಾಕುವ ಹೊತ್ತಿಗೆ ಒಂದು, ರಾತ್ರಿ ಅದೇ ಗಂಟೆಗೆ ಇನ್ನೊಂದು ಎಂದು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ರಕ್ತದಲ್ಲಿ ಅದರ ಮಟ್ಟ ನೆಲೆಗೊಳ್ಳಲು ಎರಡು ವಾರ ಬೇಕು. ಬ್ರೋಮೈಡಿಗೆ ಸುಮಾರು ಮೂರು ತಿಂಗಳು. ಮೊದಮೊದಲು ನಾಯಿ ತೂಕಡಿಸುತ್ತದೆ, ಹೆಚ್ಚು ನೀರು ಕುಡಿಯುತ್ತದೆ, ಅನ್ನಕ್ಕೆ ಹಾತೊರೆಯುತ್ತದೆ. ಕರುಣೆಯಿಂದ ಊಟ ಹೆಚ್ಚಿಸಿದರೆ ಬೊಜ್ಜು ಬರುತ್ತದೆ. ಬ್ರೋಮೈಡ್ ಕೊಡುವ ಮನೆಯಲ್ಲಿ ಒಂದು ದಿನ ಹಪ್ಪಳ, ಇನ್ನೊಂದು ದಿನ ಸಪ್ಪೆ ಎಂದಾಗಬಾರದು. ಉಪ್ಪು ಹೆಚ್ಚಾದರೆ ಔಷಧಿ ಮೂತ್ರದಲ್ಲಿ ಬೇಗ ಹೋಗಿಬಿಡುತ್ತದೆ. ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಿ ಔಷಧಿಯ ಮಟ್ಟವನ್ನೂ ಯಕೃತ್ತನ್ನೂ ನೋಡಿಸಬೇಕು.

ಅತಿ ದೊಡ್ಡ ಅಪಾಯ ಬರುವುದು ನಾಯಿ ಚೆನ್ನಾಗಿರುವಾಗ. ನಾಲ್ಕು ತಿಂಗಳು ಮೂರ್ಛೆ ಬರಲಿಲ್ಲ, ಗುಣವಾಯಿತು ಎಂದು ಮಾತ್ರೆ ನಿಲ್ಲಿಸುತ್ತೇವೆ. ಒಮ್ಮೆಲೇ ನಿಲ್ಲಿಸಿದ ಔಷಧಿಯಿಂದಲೇ ನಿಲ್ಲದ ಸೆಳೆತ ಬಂದು ನಾಯಿ ಸಾಯಬಹುದು. ಮದುವೆಗೋ ಜಾತ್ರೆಗೋ ಹೋಗುವಾಗ ನಾಯಿಯನ್ನು ಒಪ್ಪಿಸಿಕೊಂಡವರ ಕೈಗೆ ಮಾತ್ರೆಯನ್ನೂ ವೇಳೆಯ ಚೀಟಿಯನ್ನೂ ಕೊಟ್ಟು ಹೋಗಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಮೂರ್ಛೆ ಬಂದ ತಾರೀಖು, ಗಂಟೆ, ಎಷ್ಟು ನಿಮಿಷ ಎಂದು ಬರೆದಿಡಿ. ಮದ್ದು ಸಾಲದೆ ಹೋದರೆ ವೈದ್ಯರಿಗೆ ಅದು ತಿಳಿಯುವುದು ಈ ಬರಹದಿಂದಲೇ.

ಔಷಧಿಯಿಂದ ರೋಗ ಬೇರುಸಹಿತ ಹೋಗುವುದಿಲ್ಲ. ಹೆಚ್ಚಿನ ನಾಯಿಗಳಲ್ಲಿ ಮೂರ್ಛೆ ಅಪರೂಪವಾಗುತ್ತದೆ, ಕೆಲವಲ್ಲಿ ನಿಲ್ಲುತ್ತದೆ, ಕೆಲವು ಮಾತ್ರ ಯಾವ ಮದ್ದಿಗೂ ಬಗ್ಗುವುದಿಲ್ಲ. ತಿಂಗಳಿಗೊಮ್ಮೆ ಎರಡು ನಿಮಿಷ ಅರಿವು ತಪ್ಪುವ ನಾಯಿ ಮಿಕ್ಕ ದಿನಗಳಲ್ಲಿ ಎಂದಿನಂತೆ ಬಾಗಿಲು ಕಾಯುತ್ತದೆ, ಮಕ್ಕಳ ಹಿಂದೆ ಓಡುತ್ತದೆ. ಇದನ್ನು ತಿಳಿಯದೆ, ಭಯದಿಂದಲೋ ನೆರೆಯವರ ಮಾತಿಗೆ ನಾಚಿಯೋ, ಊರಾಚೆ ಬಿಟ್ಟುಬರುವವರುಂಟು. ಬೀದಿಯಲ್ಲಿ ಅದಕ್ಕೆ ಮಾತ್ರೆ ಕೊಡುವವರಾರು? ಮಹಾಭಾರತದ ಕೊನೆಯಲ್ಲಿ ಧರ್ಮರಾಯ, ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವೇರಲು ಒಪ್ಪಲಿಲ್ಲ. ನಮ್ಮಿಂದ ಕೇಳುತ್ತಿರುವುದು ಅಷ್ಟು ದೊಡ್ಡದೇನಲ್ಲ: ಹೊತ್ತಿಗೆ ಸರಿಯಾಗಿ ಎರಡು ಮಾತ್ರೆ, ಕ್ಯಾಲೆಂಡರಿನ ಮೇಲೆ ಒಂದು ಗುರುತು, ಮತ್ತು ಆ ಎರಡು ನಿಮಿಷಗಳಲ್ಲಿ ಕೈಕಟ್ಟಿ ಕಾಯುವ ಧೈರ್ಯ.